12 ಸಾವಿರ ಪೌಂಡ್ ಟ್ರೈಲರ್, ಟ್ರಾನ್ಸ್‌ಮಿಷನ್ 238 ಡಿಗ್ರಿ: ಆಯಿಲ್ ಬದಲಿಸಲಾ, ಬೇಡವಾ?

ಫ್ರಿಸ್ಕೊ ಹುಡುಗ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ಫ್ರಿಸ್ಕೊದಲ್ಲಿದ್ದೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮುಕ್ಕಾಲು ಟನ್ ಡೀಸೆಲ್ ಪಿಕಪ್ ತಗೊಂಡೆ. 2016ರ ಮಾಡೆಲ್, ಆರು ಸ್ಪೀಡ್ ಆಟೋಮ್ಯಾಟಿಕ್, 1,12,000 ಮೈಲಿ ಓಡಿದೆ. ಕಂಪನಿ ಹೆಸರು ಬೇಡ. ಮಾತು ಯಾವ ಕಂಪನಿ ಒಳ್ಳೆಯದು ಅನ್ನೋ ಕಡೆ ಹೋಗಿಬಿಡುತ್ತದೆ.

ಜುಲೈನಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರು. ಫಿಫ್ತ್ ವೀಲ್ ಟ್ರೈಲರ್ (ಪಿಕಪ್‌ನ ಹಿಂದಿನ ತೊಟ್ಟಿಯೊಳಗಿನ ಹಿಚ್‌ಗೆ ಪಿನ್ ಸಿಕ್ಕಿಸಿ ಎಳೆಯುವಂಥದ್ದು) ಕಟ್ಟಿಕೊಂಡು ಕೊಲೊರಾಡೊಗೆ ಹೋದೆವು. ಟ್ರೈಲರ್ ತೂಕ ಸುಮಾರು 12,000 ಪೌಂಡ್. ಡೆನ್ವರ್‌ನಿಂದ ಐ-70ರಲ್ಲಿ ಪಶ್ಚಿಮಕ್ಕೆ ಹೋಗುತ್ತಾ ಜಾರ್ಜ್‌ಟೌನ್ ದಾಟಿದ ಮೇಲಿನ ಏರಿನಲ್ಲಿ ಟ್ರಾನ್ಸ್‌ಮಿಷನ್ ಬಿಸಿ 238 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಸುಟ್ಟ ವಾಸನೆ ಬಂತು. ಮೂರರಿಂದ ನಾಲ್ಕಕ್ಕೆ ಗೇರ್ ಬೀಳುವಾಗ ಆರ್‌ಪಿಎಂ ಸರ್ರನೆ ಏರುತ್ತದೆ, ಗಾಡಿ ಮಾತ್ರ ಒಂದು ಕ್ಷಣ ಎಳೆಯುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ದೇವರ ನಾಮ ಹೇಳುತ್ತಿದ್ದರು.

ವಾಪಸ್ ಬಂದು ಮೂರು ಕಡೆ ತೋರಿಸಿದೆ. ಒಬ್ಬರು "ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಅಂದರು. ಇನ್ನೊಬ್ಬರು "ಇವತ್ತೇ ಫ್ಲಶ್ ಮಾಡಿಸಿ, ಹಳೇ ಆಯಿಲ್ ಪೂರ್ತಿ ತೆಗೆಸಿ" ಅಂದರು. ಮೂರನೆಯವರು ಗಾಡಿ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ, ರೀಬಿಲ್ಡ್‌ಗೆ (ಟ್ರಾನ್ಸ್‌ಮಿಷನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು) 8,500 ಡಾಲರ್ ಬರೆದುಕೊಟ್ಟರು. ಆಯಿಲ್ ಯಾವತ್ತು ಬದಲಿಸಿದ್ದು ಅಂತ ಹಳೇ ಮಾಲೀಕರಿಗೂ ಗೊತ್ತಿಲ್ಲ. ಈಗ ನಾನು ಏನು ಮಾಡಲಿ?

ಡೀಸೆಲ್ ಭಾವ:
ಮುಟ್ಟಬೇಡಿ. 1 ಲಕ್ಷ ಮೈಲಿ ಹಳೇ ಆಯಿಲ್‌ನಲ್ಲಿ ಓಡಿದ ಟ್ರಾನ್ಸ್‌ಮಿಷನ್‌ಗೆ ಹೊಸ ಆಯಿಲ್ ಹಾಕಿದರೆ ಮುಗೀತು. ನನ್ನ ಗೆಳೆಯನ ಗಾಡಿ ಫ್ಲಶ್ ಆದ ಎರಡೇ ವಾರಕ್ಕೆ ರಸ್ತೆ ಮಧ್ಯೆ ನಿಂತಿತು.

ಗೇರ್‌ಬಾಕ್ಸ್ ರಿಪೇರಿ:
ಭಾವ, ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹ್ಯೂಸ್ಟನ್‌ನಲ್ಲಿ 14 ವರ್ಷದಿಂದ ಟ್ರಾನ್ಸ್‌ಮಿಷನ್ ಬಿಚ್ಚುವುದೇ ನನ್ನ ಕೆಲಸ. ಜನ ಫ್ಲಶ್‌ಗೆ ಬರುವುದು ಯಾವಾಗ? ಗೇರ್ ಜಾರಲು ಶುರುವಾದ ಮೇಲೆ. ಆಟೋಮ್ಯಾಟಿಕ್ ಒಳಗಿನ ಕ್ಲಚ್ ಪ್ಲೇಟು ಅಷ್ಟು ಹೊತ್ತಿಗೆ ಸವೆದಿರುತ್ತದೆ. ಎರಡು ವಾರ ಬಿಟ್ಟು ಕೆಡುತ್ತದೆ, ಅಪವಾದ ಹೊಸ ಆಯಿಲ್ ಮೇಲೆ ಬರುತ್ತದೆ. ಆಯಿಲ್ ಬದಲಿಸದಿದ್ದರೂ ಅದು ಕೆಡುತ್ತಿತ್ತು.

ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡುವುದು ನನಗೂ ಇಷ್ಟವಿಲ್ಲ. ಕೂತಿರುವ ಕಸ ಎದ್ದು ವಾಲ್ವ್ ಬಾಡಿಗೆ, ಅಂದರೆ ಆಯಿಲ್ ಒತ್ತಡದಿಂದ ಗೇರ್ ಬದಲಿಸುವ ಭಾಗಕ್ಕೆ, ಹೋಗಬಹುದು. ಕೆಳಗಿನ ಆಯಿಲ್ ತಟ್ಟೆ, ಅಂದರೆ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿಸಿ. ಹೀಗೆ ಮಾಡಿದರೆ ಅರ್ಧಕ್ಕಿಂತ ಕಡಿಮೆ ಆಯಿಲ್ ಹೊರಗೆ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲಿ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ), ಕೂಲರ್‌ನಲ್ಲಿ ಇರುತ್ತದೆ. ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಹಾಗೇ ಮಾಡಿ.

ಪ್ಯಾನ್ ಒಳಗಿನ ಮ್ಯಾಗ್ನೆಟ್ ನೋಡುವುದು ಮರೆಯಬೇಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಸಹಜ. ಕಬ್ಬಿಣದ ಚೂರು ಕೈಗೆ ಸಿಕ್ಕರೆ, ಅಥವಾ ಪ್ಯಾನ್ ತಳದಲ್ಲಿ ಕ್ಲಚ್ ಪ್ಲೇಟಿನ ಕಪ್ಪು ಪುಡಿ ರಾಶಿ ಬಿದ್ದಿದ್ದರೆ ಆಗ ರೀಬಿಲ್ಡ್ ಮಾತು. ಅಲ್ಲಿಯವರೆಗೆ ಆ 8,500 ಡಾಲರ್ ಬಗ್ಗೆ ಯೋಚನೆ ಬೇಡ.

ಕುದುರೆ ಲಾಯ:
@ಫ್ರಿಸ್ಕೊ ಹುಡುಗ, ಆಯಿಲ್ ಲೆವೆಲ್ ಹೇಗೆ ನೋಡಿದಿರಿ? ಎಂಜಿನ್ ಓಡುವಾಗಲೋ, ನಿಂತಾಗಲೋ?

ಕೊಲೊರಾಡೊ ಅಕ್ಕ:
ನಾನು ಲೇಕ್‌ವುಡ್‌ನಲ್ಲಿದ್ದೇನೆ. ವಾರ ಬಿಟ್ಟು ವಾರ ಆ ಏರು ಹತ್ತುತ್ತೇವೆ. ಐಸೆನ್‌ಹೋವರ್ ಸುರಂಗ ಇರುವುದೇ 11,000 ಅಡಿಗಿಂತ ಮೇಲೆ. ಅಲ್ಲಿ ಗಾಳಿ ತೆಳು. ರೇಡಿಯೇಟರ್, ಕೂಲರ್ ಮೇಲೆ ಬೀಸುವ ಗಾಳಿಯೂ ತೆಳು, ಬಿಸಿ ಎಳೆದುಕೊಂಡು ಹೋಗುವ ಶಕ್ತಿ ಅದಕ್ಕೆ ಕಡಿಮೆ. ಟೆಕ್ಸಾಸ್‌ನ ಚಪ್ಪಟೆ ರಸ್ತೆಯಲ್ಲಿ 190 ಡಿಗ್ರಿ ತೋರಿಸುವ ಗಾಡಿ ಇಲ್ಲಿ 220 ತೋರಿಸುವುದು ಆಶ್ಚರ್ಯವಲ್ಲ. 238 ಜಾಸ್ತಿಯೇ ಆಯಿತು. ನೀವು ಟೋ-ಹಾಲ್ ಬಟನ್ (ಭಾರ ಎಳೆಯುವಾಗ ಗೇರ್ ಬದಲಾಗುವ ರೀತಿ ಬದಲಿಸುವುದು) ಒತ್ತಿದ್ದಿರಾ? ಎಷ್ಟು ಸ್ಪೀಡಲ್ಲಿ ಹತ್ತಿದಿರಿ?

ಫ್ರಿಸ್ಕೊ ಹುಡುಗ:
@ಕೊಲೊರಾಡೊ ಅಕ್ಕ, ಟೋ-ಹಾಲ್ ಹಾಕಿರಲಿಲ್ಲ. ಅದು ಇಳಿಜಾರಿಗೆ ಮಾತ್ರ ಅಂದುಕೊಂಡಿದ್ದೆ. ಹಿಂದಿನ ಗಾಡಿಗಳಿಗೆ ತೊಂದರೆ ಆಗಬಾರದು ಅಂತ 60ರಲ್ಲಿ ಹೋಗುತ್ತಿದ್ದೆ.
@ಕುದುರೆ ಲಾಯ, ಬೆಳಿಗ್ಗೆ ತಣ್ಣಗಿದ್ದಾಗ ಡಿಪ್‌ಸ್ಟಿಕ್ ನೋಡಿದೆ. ಸರಿಯಾಗಿಯೇ ಇತ್ತು.

ಶಿರಾಡಿ ಲಾರಿ:
ನಮ್ಮಪ್ಪ ಸಕಲೇಶಪುರದಿಂದ ಗುಂಡ್ಯದ ಕಡೆ ಶಿರಾಡಿ ಘಾಟಿಯಲ್ಲಿ 20 ವರ್ಷ ಲಾರಿ ಓಡಿಸಿದರು. ಅವರದ್ದು ಒಂದೇ ಪಾಠ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಟೋ-ಹಾಲ್ ಇಳಿಯುವಾಗ ಮಾಡುವುದು ಅದನ್ನೇ. ಮೇಲಿನ ಗೇರಿಗೆ ಹೋಗಲು ಬಿಡುವುದಿಲ್ಲ, ಎಂಜಿನ್‌ನಿಂದ ಗಾಡಿಯನ್ನು ತಡೆಯುತ್ತದೆ. ಹತ್ತುವಾಗಲೂ ಅದು ಬೇಕು. ಇಲ್ಲದಿದ್ದರೆ ಗೇರ್ ನಾಲ್ಕು, ಐದು, ನಾಲ್ಕು, ಐದು ಅಂತ ಒದ್ದಾಡುತ್ತದೆ. ಒಂದೊಂದು ಸಲ ಬದಲಾದಾಗಲೂ ಕ್ಲಚ್ ಉಜ್ಜುತ್ತದೆ, ಬಿಸಿ ಏರುತ್ತದೆ.

ಗೇರ್‌ಬಾಕ್ಸ್ ರಿಪೇರಿ:
ಸರಿಯಾಗಿ ಹೇಳಿದಿರಿ. ಟಾರ್ಕ್ ಕನ್ವರ್ಟರ್ ವಿಷಯ ಇದಕ್ಕೆ ಸೇರಿಸುತ್ತೇನೆ. ಕನ್ವರ್ಟರ್ ಲಾಕ್ ಆಗಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ತಿರುಗುತ್ತವೆ, ಬಿಸಿ ಕಡಿಮೆ. ಲಾಕ್ ಬಿಟ್ಟಾಗ ಒಳಗೆ ಆಯಿಲ್ ಸುಮ್ನೆ ಕಡೆಯುತ್ತಿರುತ್ತದೆ, ಮಜ್ಜಿಗೆ ಕಡೆದ ಹಾಗೆ. ಎಂಜಿನ್ ಶಕ್ತಿಯ ಒಂದು ಪಾಲು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಭಾರ ಹೊತ್ತು ನಿಧಾನಕ್ಕೆ ಏರುವಾಗ ಲಾಕ್ ಹಿಡಿದಿದೆಯಾ ಇಲ್ಲವಾ ಅನ್ನುವುದೇ ಮುಖ್ಯ. ಒಂದು ಗೇರ್ ಇಳಿಸಿ 45ಕ್ಕೆ ಬನ್ನಿ. ಆರ್‌ಪಿಎಂ ಏರಿದರೆ ಹೆದರಬೇಡಿ. ಪಂಪ್ ಜೋರಾಗಿ ತಿರುಗುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಆಯಿಲ್ ತಣ್ಣಗಾಗುತ್ತದೆ.

ಬಿಸಿ ತೀರಾ ಏರಿ ಬದಿಗೆ ನಿಲ್ಲಿಸಿದರೆ ಎಂಜಿನ್ ಆಫ್ ಮಾಡಬೇಡಿ. ಪಾರ್ಕ್‌ನಲ್ಲಿಟ್ಟು ಆರ್‌ಪಿಎಂ ಸ್ವಲ್ಪ ಏರಿಸಿ ಹಿಡಿಯಿರಿ. ಆಫ್ ಮಾಡಿದರೆ ಪಂಪ್ ನಿಲ್ಲುತ್ತದೆ, ಆಯಿಲ್ ಕೂಲರ್‌ಗೆ ಹೋಗುವುದೇ ಇಲ್ಲ.

ಕುದುರೆ ಲಾಯ:
@ಫ್ರಿಸ್ಕೊ ಹುಡುಗ, ಎಂಜಿನ್ ನಿಂತಾಗ ನೋಡಿದರೆ ಲೆವೆಲ್ ಜಾಸ್ತಿ ತೋರಿಸುತ್ತದೆ. ಕನ್ವರ್ಟರ್‌ನಿಂದ ಆಯಿಲ್ ಪ್ಯಾನ್‌ಗೆ ಇಳಿದಿರುತ್ತದೆ. ಸಮತಟ್ಟು ಜಾಗ, ಆಯಿಲ್ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಪಾರ್ಕ್‌ನಲ್ಲಿ. ಹಾಗೆ ನೋಡಿ ಹೇಳಿ.

ಬೇಲೂರು ಬಾಲು:
ಹಳೇ ಡಾಡ್ಜ್‌ನ 47ಆರ್‌ಇ, 48ಆರ್‌ಇ ಟ್ರಾನ್ಸ್‌ಮಿಷನ್ ಇದ್ದವರು ನ್ಯೂಟ್ರಲ್‌ನಲ್ಲಿ ನೋಡಬೇಕು, ಪಾರ್ಕ್‌ನಲ್ಲಿ ಅಲ್ಲ. ಅವುಗಳಲ್ಲಿ ಪಾರ್ಕ್‌ನಲ್ಲಿದ್ದಾಗ ಕನ್ವರ್ಟರ್‌ಗೆ ಆಯಿಲ್ ಹೋಗುವುದಿಲ್ಲ. ಅದಕ್ಕೇ ಮ್ಯಾನ್ಯುಯಲ್ ಓದಿ ಅನ್ನುವುದು.

ಡೀಸೆಲ್ ಭಾವ:
ಮ್ಯಾನ್ಯುಯಲ್‌ನಲ್ಲಿ ಎಷ್ಟೋ ಕಡೆ ಲಕ್ಷ ಮೈಲಿ ದಾಟಿದ ಮೇಲೆ ಬದಲಿಸಿ ಅಂತ ಇರುತ್ತದಲ್ವಾ? ಕಂಪನಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಗೇರ್‌ಬಾಕ್ಸ್ ರಿಪೇರಿ:
ಪುಟ ತಿರುಗಿಸಿ ಭಾವ. ಅಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಮಾಮೂಲಿ ಓಡಾಟಕ್ಕೆ. ಇನ್ನೊಂದು ಟ್ರೈಲರ್ ಎಳೆಯುವವರಿಗೆ, ಬಿಸಿಲಲ್ಲಿ, ಬೆಟ್ಟದಲ್ಲಿ ಓಡಿಸುವವರಿಗೆ. ಫೋರ್ಡ್ ಸೂಪರ್ ಡ್ಯೂಟಿಯ ಟ್ರೈಲರ್ ಪಟ್ಟಿಯಲ್ಲಿ 30,000 ಮೈಲಿ. ರ‍್ಯಾಮ್ 68ಆರ್‌ಎಫ್‌ಇ ಟ್ರಾನ್ಸ್‌ಮಿಷನ್‌ಗೆ 60,000. ಅದರ ಪ್ಯಾನ್ ಒಳಗೆ ಎರಡು ಫಿಲ್ಟರ್ ಇವೆ, ಎರಡನ್ನೂ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿ ಮುಚ್ಚಿಬಿಡುವವರನ್ನು ಬಹಳ ನೋಡಿದ್ದೇನೆ. 12,000 ಪೌಂಡ್ ಎಳೆಯುವವನು ಮೊದಲ ಪಟ್ಟಿ ಓದಿ ಮುಚ್ಚಿಟ್ಟರೆ ಕಂಪನಿ ತಪ್ಪು ಅನ್ನಲು ಆಗುತ್ತದಾ?

ಆಯಿಲ್ ಕೆಡಿಸುವುದು ಮೈಲಿಗಿಂತ ಜಾಸ್ತಿ ಬಿಸಿ. ವರ್ಕ್‌ಶಾಪ್‌ನಲ್ಲಿ ಒಂದು ಅಂದಾಜಿದೆ: 175 ಡಿಗ್ರಿ ದಾಟಿದ ಮೇಲೆ ಪ್ರತಿ 20 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧ ಆಗುತ್ತದೆ. ಇದು ಲ್ಯಾಬ್ ಲೆಕ್ಕ ಅಲ್ಲ, ಆದರೆ ನನ್ನ ಕೈಗೆ ಬಂದ ಗಾಡಿಗಳಿಗೆ ಸರಿಯಾಗಿ ಹೊಂದುತ್ತದೆ.

ಇಂಡಿ ಕನ್ನಡಿಗ:
ಜಿಎಂ ಪಿಕಪ್‌ನಲ್ಲಿ ಆಲಿಸನ್ 1000 ಟ್ರಾನ್ಸ್‌ಮಿಷನ್ ಇರುವವರಿಗೆ ಒಂದು ಸುಲಭ ಇದೆ. ಅದರ ಸ್ಪಿನ್-ಆನ್ ಫಿಲ್ಟರ್ ಹೊರಗೇ ಇದೆ, ಪ್ಯಾನ್ ಇಳಿಸದೇ ಬದಲಿಸಬಹುದು, ಎಂಜಿನ್ ಆಯಿಲ್ ಫಿಲ್ಟರ್ ಹಾಗೆ. ಫಿಲ್ಟರ್ ಜಾಗದಲ್ಲಿ ಬಳೆಯಂಥ ಒಂದು ಮ್ಯಾಗ್ನೆಟ್ ಇರುತ್ತದೆ. ಹಳೇ ಫಿಲ್ಟರ್ ಜೊತೆ ಅದನ್ನು ಎಸೆದುಬಿಡಬೇಡಿ. ಒರೆಸಿ ಹೊಸದಕ್ಕೆ ಹಾಕಿ.

2001ರಲ್ಲಿ ಡ್ಯೂರಾಮ್ಯಾಕ್ಸ್ ಡೀಸೆಲ್ ಎಂಜಿನ್ ಜೊತೆ ಐದು ಸ್ಪೀಡ್ ಆಗಿ ಬಂತು, 2006ರಲ್ಲಿ ಆರು ಆಯಿತು. 2020ರಿಂದ ಬಂದ ಹತ್ತು ಸ್ಪೀಡ್ ಮೇಲೆ ಆಲಿಸನ್ ಹೆಸರಿದೆ, ತಯಾರಿಸುವುದು ಜಿಎಂ. ಮಾರುವಾಗ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮೂರು ಇಂಡಿಯಾನಾಪೊಲಿಸ್‌ನ ಕಂಪನಿ ಅಂತ ಆಲಿಸನ್ ಮೇಲೆ ಪ್ರೀತಿ ಇದೆ ನನಗೆ. ಅದನ್ನು ಕಟ್ಟಿದ ಜೇಮ್ಸ್ ಆಲಿಸನ್ ಇಲ್ಲಿನ ರೇಸ್ ಟ್ರ್ಯಾಕ್ ಕಟ್ಟಿದವರಲ್ಲೂ ಒಬ್ಬರು.

ಬೇಲೂರು ಬಾಲು:
ಆಟೋಮ್ಯಾಟಿಕ್ ಅಂದರೆ ನಾಜೂಕು ಅನ್ನುವವರಿಗೆ ಒಂದು ವಿಷಯ. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂದ ಹೈಡ್ರಾಮ್ಯಾಟಿಕ್ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಅನ್ನು ಎರಡನೇ ಮಹಾಯುದ್ಧದಲ್ಲಿ ಎಂ5 ಟ್ಯಾಂಕ್‌ಗೆ ಹಾಕಿದ್ದರು. ಒಂದು ಟ್ಯಾಂಕ್‌ಗೆ ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾಮ್ಯಾಟಿಕ್. ಯುದ್ಧ ಮಾಡಿದ ವಸ್ತು ಇದು.

ಶಿರಾಡಿ ಲಾರಿ:
ಆದರೂ ಮ್ಯಾನ್ಯುಯಲ್ ಗೇರ್ ಸುಖವೇ ಬೇರೆ. 2018ರ ಮಾಡೆಲ್ ಆದ ಮೇಲೆ ರ‍್ಯಾಮ್ ಕೂಡ ಜಿ56 ಮ್ಯಾನ್ಯುಯಲ್ ಗೇರ್‌ಬಾಕ್ಸ್ ನಿಲ್ಲಿಸಿತು. ಈಗ ಹೆವಿ ಡ್ಯೂಟಿ ಪಿಕಪ್‌ನಲ್ಲಿ ಮೂರು ಪೆಡಲ್ ಬೇಕು ಅಂದರೆ ಹೊಸದರಲ್ಲಿ ಸಿಗುವುದೇ ಇಲ್ಲ. ನನಗೆ ನಿಜಕ್ಕೂ ಬೇಜಾರಿದೆ.

ಇಂಡಿ ಕನ್ನಡಿಗ:
ಬೇಜಾರು ಅರ್ಥವಾಗುತ್ತದೆ, ಆದರೆ ಟಾರ್ಕ್ ನೋಡಿ. 1989ರಲ್ಲಿ ಡಾಡ್ಜ್‌ಗೆ ಮೊದಲ ಕಮಿನ್ಸ್ ಡೀಸೆಲ್ ಎಂಜಿನ್ ಬಂದಾಗ 400 ಪೌಂಡ್-ಅಡಿ. ಇವತ್ತು ಕಮಿನ್ಸ್ 1,075, ಫೋರ್ಡ್‌ನ ಹೈ ಔಟ್‌ಪುಟ್ ಪವರ್‌ಸ್ಟ್ರೋಕ್ 1,200. ಅಷ್ಟನ್ನು ಹೊರುವ ಕ್ಲಚ್ ಕೊಟ್ಟರೆ ಪೆಡಲ್ ಒತ್ತಿ ಒತ್ತಿ ಕಾಲು ಬಿದ್ದುಹೋಗುತ್ತದೆ.

ಬೆಂಗಳೂರಿಂದ:
ನಡುವೆ ಬಂದೆ, ಕ್ಷಮಿಸಿ. ಇಲ್ಲಿ ನನ್ನ ಹತ್ತಿರ ಹೈಲಕ್ಸ್ ಆಟೋಮ್ಯಾಟಿಕ್ ಇದೆ, ಬಿಡದಿಯಲ್ಲಿ ಜೋಡಿಸಿದ್ದು. 500 ನ್ಯೂಟನ್ ಮೀಟರ್. ನೀವು ಹೇಳುವ 1,200 ಪೌಂಡ್-ಅಡಿ ಅಂದರೆ 1,600ಕ್ಕೂ ಜಾಸ್ತಿ ನ್ಯೂಟನ್ ಮೀಟರ್! ನನ್ನದಕ್ಕೂ ಈ ಎರಡು ಪಟ್ಟಿ ಮಾತು ಅನ್ವಯಿಸುತ್ತದಾ? ತಿಂಗಳಿಗೆ ಎರಡು ಸಲ ತೋಟದಿಂದ ಅಡಿಕೆ ತುಂಬಿಕೊಂಡು ಆಗುಂಬೆ ಇಳಿಯುತ್ತೇನೆ.

ಗೇರ್‌ಬಾಕ್ಸ್ ರಿಪೇರಿ:
@ಬೆಂಗಳೂರಿಂದ, ಖಂಡಿತ. ಭಾರ, ಘಾಟಿ, ಬಿಸಿಲು ಮೂರೂ ಇವೆ. ಸರ್ವೀಸ್ ಬುಕ್‌ನಲ್ಲಿ ಭಾರದ ಓಡಾಟಕ್ಕೆ ಬೇರೆ ಅವಧಿ ಇದೆಯಾ ನೋಡಿ. ಇಳಿಯುವಾಗ ಲಿವರ್ ಮ್ಯಾನ್ಯುಯಲ್ ಮೋಡ್‌ಗೆ ತಂದು ಕೆಳಗಿನ ಗೇರ್ ಹಿಡಿಯಿರಿ. ಆಗುಂಬೆ ತಿರುವಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ.

ಕೊಲೊರಾಡೊ ಅಕ್ಕ:
ಮೂಲ ವಿಷಯಕ್ಕೆ ಬರೋಣ. 12,000 ಪೌಂಡ್ ಫಿಫ್ತ್ ವೀಲ್ ಅಂದರೆ ಪಿನ್ ಮೇಲೆ ಬೀಳುವ ಭಾರ ಸುಮಾರು 20%, ಅಂದರೆ 2,400 ಪೌಂಡ್. ಡ್ರೈವರ್ ಬಾಗಿಲ ಚೌಕಟ್ಟಿನ ಹಳದಿ ಸ್ಟಿಕರ್‌ನಲ್ಲಿ ಪೇಲೋಡ್, ಅಂದರೆ ಗಾಡಿ ಮೈಮೇಲೆ ಹೊರಬಲ್ಲ ಭಾರ, ಎಷ್ಟಿದೆ?

ಫ್ರಿಸ್ಕೊ ಹುಡುಗ:
2,190 ಅಕ್ಕ. ಅದರಲ್ಲಿ ನಾವು ನಾಲ್ಕು ಜನ, ಹಿಚ್, ಜನರೇಟರ್ ಬೇರೆ. ಇದು ನನಗೆ ಹೊಳೆದೇ ಇರಲಿಲ್ಲ. ಡೀಲರ್ "ಇದು 15,000 ಎಳೆಯುತ್ತೆ" ಅಂದಿದ್ದರು.

ಕೊಲೊರಾಡೊ ಅಕ್ಕ:
ಎಳೆಯುವುದು ಬೇರೆ, ಹೊರುವುದು ಬೇರೆ. ಟ್ರಕ್ ಸ್ಟಾಪ್‌ನಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ಗಾಡಿ ತೂಗುವ ತಕ್ಕಡಿ ಮೇಲೆ ತೂಕ ಹಾಕಿಸಿ. ಕಾಗದದ ತೂಕ ನಂಬಬೇಡಿ. ಟ್ರೈಲರ್‌ನಲ್ಲಿ ಕುಡಿಯುವ ನೀರಿನ ಟ್ಯಾಂಕ್ ತುಂಬಿಕೊಂಡು ಹೋಗಿದ್ದಿರಾ?

ಫ್ರಿಸ್ಕೊ ಹುಡುಗ:
ಹೌದು. 60 ಗ್ಯಾಲನ್, ಮನೆಯಿಂದಲೇ. ಅಮ್ಮನಿಗೆ ಹೊರಗಿನ ನೀರು ಆಗಿಬರುವುದಿಲ್ಲ ಅಂತ.

ಕೊಲೊರಾಡೊ ಅಕ್ಕ:
ಅದೇ 500 ಪೌಂಡ್ ಆಯಿತು. ಅಮ್ಮನಿಗೆ ಎರಡು ಕ್ಯಾನ್ ನೀರು ಸಾಕು. ಉಳಿದದ್ದು ಕ್ಯಾಂಪ್ ಸೇರಿದ ಮೇಲೆ ತುಂಬಿಸಿ.

ಡೀಸೆಲ್ ಭಾವ:
ಬಿಸಿ ಕಡಿಮೆ ಮಾಡಲು ಡೀಪ್ ಪ್ಯಾನ್ ಹಾಕಿಸಿ. ಅಲ್ಯೂಮಿನಿಯಂದು, ಇನ್ನೂ ನಾಲ್ಕು ಕ್ವಾರ್ಟ್ ಜಾಸ್ತಿ ಹಿಡಿಯುತ್ತದೆ. ನನ್ನದಕ್ಕೆ ಹಾಕಿಸಿದ್ದೇನೆ, ಎಂಜಿನ್ ಶಕ್ತಿ ಏರಿಸುವ ಟ್ಯೂನರ್ ಕೂಡ.

ಗೇರ್‌ಬಾಕ್ಸ್ ರಿಪೇರಿ:
ಡೀಪ್ ಪ್ಯಾನ್ ಹಾನಿ ಮಾಡಲ್ಲ, ಆದರೆ ಅದು ಕೂಲರ್ ಅಲ್ಲ. ದೊಡ್ಡ ಹಂಡೆಯ ನೀರು ಕಾಯಲು ಜಾಸ್ತಿ ಹೊತ್ತು ಬೇಕು, ಅಷ್ಟೇ. ಒಲೆ ಉರಿಯುತ್ತಲೇ ಇದ್ದರೆ ಅದೂ ಕಾಯುತ್ತದೆ. ಸಣ್ಣ ಏರಿಗೆ ಉಪಯೋಗ, ಉದ್ದ ಏರಿಗೆ ಅಲ್ಲ.

ಟ್ಯೂನರ್ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಎಂಜಿನ್ ಟಾರ್ಕ್ ಏರಿಸುತ್ತೀರಿ, ಆದರೆ ಒಳಗಿನ ಕ್ಲಚ್ ಕಂಪನಿ ಕೊಟ್ಟ ಲೆಕ್ಕಕ್ಕೇ ಇದೆ. ಅದರ ಮೇಲೆ ಟ್ರೈಲರ್ ಕಟ್ಟುತ್ತೀರಿ. ನನ್ನ ಬೆಂಚಿಗೆ ಬರುವ ಸುಟ್ಟ ಕ್ಲಚ್‌ಗಳಲ್ಲಿ ಟ್ಯೂನರ್ ಗಾಡಿಗಳದ್ದು ಬಹಳ. ದಯವಿಟ್ಟು ಎಳೆಯುವ ದಿನವಾದರೂ ಅದನ್ನು ಸ್ಟಾಕ್‌ಗೆ, ಅಂದರೆ ಕಂಪನಿ ಕೊಟ್ಟ ಹಾಗೆ, ತನ್ನಿ ಭಾವ.

ಡೀಸೆಲ್ ಭಾವ:
ಸರಿ, ಎಳೆಯುವಾಗ ಸ್ಟಾಕ್. ಅಷ್ಟು ಒಪ್ಪಿದೆ.

ಹೊಸಬ:
ನನ್ನ ರ‍್ಯಾಮ್‌ನ ಆಯಿಲ್ ಕಂದು ಆಗಿದೆ, ವಾಸನೆಯೂ ಬದಲಾಗಿದೆ. ಸುಟ್ಟಿದೆ ಅಂತಲೇ ಅರ್ಥನಾ? ಗೇರ್ ಏನೂ ತೊಂದರೆ ಇಲ್ಲ.

ಬೇಲೂರು ಬಾಲು:
ಎಟಿಎಫ್+4 ಅನ್ನೋ ಟ್ರಾನ್ಸ್‌ಮಿಷನ್ ಆಯಿಲ್ ಆದರೆ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಅದರ ಕೆಂಪು ಬಣ್ಣ ಶಾಶ್ವತ ಅಲ್ಲ, ಓಡಿದ ಹಾಗೆ ಕಂದಾಗುತ್ತದೆ. ವಾಸನೆಯೂ ಬೇಗ ಬದಲಾಗುತ್ತದೆ. ಎಷ್ಟು ಮೈಲಿ ಓಡಿದೆ, ಎಷ್ಟು ಎಳೆದಿದ್ದೀರಿ, ಅದರ ಮೇಲೆ ತೀರ್ಮಾನಿಸಿ. ನಿಮ್ಮದು 3500 ಆಗಿ ಐಸಿನ್ ಟ್ರಾನ್ಸ್‌ಮಿಷನ್ ಇದ್ದರೆ ಎಟಿಎಫ್+4 ಹಾಕಲೇಬೇಡಿ, ಅದಕ್ಕೆ ಬೇರೆ ಆಯಿಲ್. ಫೋರ್ಡ್ ಆರು ಸ್ಪೀಡ್‌ಗೆ ಮರ್ಕಾನ್ ಎಲ್‌ವಿ, ಹತ್ತು ಸ್ಪೀಡ್‌ಗೆ ಮರ್ಕಾನ್ ಯುಎಲ್‌ವಿ. "ಎಲ್ಲದಕ್ಕೂ ಆಗುತ್ತೆ" ಅಂತ ಬರೆದ ಡಬ್ಬ ಮುಟ್ಟಬೇಡಿ.

ಇಂಡಿ ಕನ್ನಡಿಗ:
2020ರಿಂದ 2022ರ ಜಿಎಂ ಹತ್ತು ಸ್ಪೀಡ್ ಡೀಸೆಲ್ ಇದ್ದವರು ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿ ಕರೆಸುವುದು) ಇದೆಯಾ ನೋಡಿಕೊಳ್ಳಿ. 2024ರಲ್ಲಿ 4,60,000ಕ್ಕೂ ಹೆಚ್ಚು ಗಾಡಿಗಳಿಗೆ ಬಂದಿದೆ. ಒಂದು ಕಂಟ್ರೋಲ್ ವಾಲ್ವ್ ಸವೆದರೆ ಓಡುತ್ತಿರುವಾಗಲೇ ಚಕ್ರ ಲಾಕ್ ಆಗಬಹುದು. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ, ಇವತ್ತೇ ನೋಡಿ.

ಕುದುರೆ ಲಾಯ:
ಬಿಸಿ ಬಗ್ಗೆ ಇನ್ನೊಂದು. ಒಕ್ಲಹೋಮಾದಲ್ಲಿ ನಾನು ನಾಲ್ಕು ಕುದುರೆಯ ಟ್ರೈಲರ್ ಎಳೆಯುತ್ತೇನೆ. ಹೈವೇಯಲ್ಲಿ ಬಿಸಿ ಏರುವುದಿಲ್ಲ. ಲಾಯದ ಏರಿನಲ್ಲಿ ರಿವರ್ಸ್ ಹಾಕುವ ಐದು ನಿಮಿಷದಲ್ಲಿ ಏರುತ್ತದೆ. ಗಾಳಿ ಇಲ್ಲ, ಕನ್ವರ್ಟರ್ ಲಾಕ್ ಇಲ್ಲ. ಈಗ 4-ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನ ಗೇರ್) ಹಾಕಿ ರಿವರ್ಸ್ ಮಾಡುತ್ತೇನೆ. ಬಿಸಿ ಏರುವುದೇ ನಿಂತಿದೆ.

ಗೇರ್‌ಬಾಕ್ಸ್ ರಿಪೇರಿ:
ಒಳ್ಳೆ ಅಭ್ಯಾಸ. ಆದರೆ ಮಣ್ಣು, ಜಲ್ಲಿ ಮೇಲೆ ಮಾತ್ರ. ಒಣ ಕಾಂಕ್ರೀಟ್ ಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ 4-ಲೋದಲ್ಲಿ ಓಡಿಸಿದರೆ ಮುಂದಿನ ಆಕ್ಸಲ್ ಬಿಗಿದುಕೊಳ್ಳುತ್ತದೆ.

ಫ್ರಿಸ್ಕೊ ಹುಡುಗ: *(9 ದಿನದ ನಂತರ)*
ಎಲ್ಲರಿಗೂ ಸುದ್ದಿ. ಕುದುರೆ ಲಾಯ ಅಕ್ಕ ಹೇಳಿದ ಹಾಗೆ ಅರ್ಧ ಗಂಟೆ ಓಡಿಸಿ, ಸಮತಟ್ಟು ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಿದೆ. ಡಿಪ್‌ಸ್ಟಿಕ್ ತುದಿಗೆ ಮಾತ್ರ ಆಯಿಲ್ ತಾಗಿತ್ತು. ಎರಡು ಕ್ವಾರ್ಟ್ ಹತ್ತಿರ ಕಡಿಮೆ!

ಗಾಡಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಕೂಲರ್ ಲೈನಿನಲ್ಲಿ ರಬ್ಬರ್ ಪೈಪ್ ಕಬ್ಬಿಣದ ಪೈಪಿಗೆ ಸೇರುವ ಕಡೆ ಒದ್ದೆ, ಸುತ್ತ ಧೂಳು ಅಂಟಿ ಗಟ್ಟಿಯಾಗಿತ್ತು. ನೆಲಕ್ಕೆ ಹನಿ ಬೀಳುತ್ತಿರಲಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಮೂರು ಕಡೆ ತೋರಿಸಿದ್ದೆ, ಯಾರೂ ಲೆವೆಲ್ ನೋಡಿರಲಿಲ್ಲ.

ಪ್ಯಾನ್ ಇಳಿಸಿದೆ. ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಮಾತ್ರ, ಚೂರು ಇಲ್ಲ. ತಳದಲ್ಲಿ ಸ್ವಲ್ಪ ಕಪ್ಪು ಪುಡಿ ಇತ್ತು, ರಾಶಿ ಏನಲ್ಲ. ಲೈನ್, ಫಿಲ್ಟರ್, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್ ಎಲ್ಲ ಸೇರಿ 400 ಡಾಲರ್ ಒಳಗೆ ಮುಗಿಯಿತು. ಕೆಲಸ ನಾನು, ಅಪ್ಪ ಸೇರಿ ಮಾಡಿದೆವು. ನಿನ್ನೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಜನರೇಟರ್ ಮನೆಯಲ್ಲೇ ಬಿಟ್ಟು, ಟೋ-ಹಾಲ್ ಹಾಕಿ 80 ಮೈಲಿ ಎಳೆದೆ. ಜಾಸ್ತಿ ಅಂದರೆ 196 ಡಿಗ್ರಿ. ಮೂರರಿಂದ ನಾಲ್ಕಕ್ಕೆ ಸರಾಗವಾಗಿ ಬೀಳುತ್ತಿದೆ.

ಗೇರ್‌ಬಾಕ್ಸ್ ರಿಪೇರಿ:
ಬಹಳ ಖುಷಿಯಾಯಿತು. ಆಯಿಲ್ ಕಡಿಮೆ ಇದ್ದಾಗ ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆದಿದೆ. ಒತ್ತಡ ಬಿದ್ದಿದೆ, ಕ್ಲಚ್ ಜಾರಿದೆ. ಆ ಕಪ್ಪು ಪುಡಿ ಅದರ ಗುರುತು. ಸ್ವಲ್ಪ ಸವೆದಿರುವುದು ನಿಜ, ಇನ್ನೂ ಓಡುತ್ತದೆ. 2,000 ಮೈಲಿ ಆದ ಮೇಲೆ ಇನ್ನೊಮ್ಮೆ ಪ್ಯಾನ್ ಇಳಿಸಿ, ಪುಡಿ ಜಾಸ್ತಿಯಾಗಿದೆಯಾ ನೋಡಿ. ಫೋಟೋ ಇಲ್ಲಿ ಹಾಕಿ.

ಕೊಲೊರಾಡೊ ಅಕ್ಕ:
ಪಿನ್ ಭಾರ ಇನ್ನೂ ಜಾಸ್ತಿಯೇ ಇದೆ, ಮರೆಯಬೇಡಿ. ಕ್ಯಾಟ್ ಸ್ಕೇಲ್ ಚೀಟಿ ಬರಲಿ.

ಫ್ರಿಸ್ಕೊ ಹುಡುಗ:
ಶನಿವಾರ ಹಾಕಿಸುತ್ತೇನೆ ಅಕ್ಕ. ಅಪ್ಪನೂ ಬರುತ್ತಾರಂತೆ, ಡಿಪ್‌ಸ್ಟಿಕ್ ಒರೆಸುವ ಬಟ್ಟೆ ಈಗ ಅವರ ಜೇಬಿನಲ್ಲೇ ಇರುತ್ತದೆ.